ಇಪ್ಪತ್ತೆರಡು ಸುತ್ತು

ನಸುಕಿನ ನಾಕಕ್ಕ ಸೈಕಲ್ಲಿಗೆ ಕೀಲಿ ಕಟ್ಟತೀನಿ.
ಕೀಲಿ ಅಂದ್ರ ಕಿಸೆದಾಗಿನದಲ್ಲ,
ನನ್ನ ಎದಿಮಟ ಬರೋ ಕಬ್ಬಿಣದ ಸಲಾಕಿ.
ಜೋರಾಪುರ ಪೇಟೆಯ ವಾಲ್ವಿನ ಕಲ್ಲು ಎತ್ತಿ
ಬ್ಯಾಟರಿ ಬಿಟ್ಟು ನೋಡತೀನಿ:
ಜೊಂಡಿಗ, ಗುಟ್ಕಾ ಚೀಟಿ, ಒಂದು ಕಪ್ಪಿ.
ಅದಕ್ಕೂ ನನಗೂ ಈಗ ಗುರುತು ಆಗೇದ.

ಪೂರ್ತಿ ತೆರೀಲಿಕ್ಕೆ ಇಪ್ಪತ್ತೆರಡು ಸುತ್ತು.
ಮೊದಲ ಐದು ಬಿಗಿ.
ಆಗ ನಾ ನಿನ್ನ ಕೂಡ ಮಾತಾಡೂದಿಲ್ಲ,
ಹಲ್ಲು ಕಚ್ಚಿರತೀನಿ.
ಆರನೇದಕ್ಕ ಪೈಪಿನೊಳಗ ಗಾಳಿ ಕೆಮ್ಮತದ,
ಮುದುಕ ಎದ್ದು ಕೂತಂಗ.
ಅಲ್ಲಿಂದ ಸುರು, ನಮ್ಮಿಬ್ಬರದು.

ಮೊದಲೆಲ್ಲ ಹಿಂಗ ಇರಲಿಲ್ಲ.
ಐತವಾರದ ಅಂಗಿ ಬ್ಯಾರೆ, ಐತವಾರದ ಮಾತು ಬ್ಯಾರೆ.
ಪರಮ ದಯಾಳುವೇ ಅಂತ
ಪಾಸ್ಟರ ದನಿ ಕಡ ತಂದು
ಎಂಟು ದಿನಕ್ಕೊಮ್ಮೆ ನೀರು ಬಿಟ್ಟಂಗ
ಎಂಟು ದಿನಕ್ಕೊಮ್ಮೆ ನಿನ್ನ ಹೆಸರು.
ತುಂಬಿಕೊಂಡಷ್ಟು ತುಂಬಿಕೊಂಡು ಮ್ಯಾಲೆ ಮುಚ್ಚಳ.
ಗುರುವಾರದ ಹೊತ್ತಿಗೆ ಅದರಾಗ ಹುಳ.

ಹೆಂಡತಿ ಸುಗಂಧವ್ವ, ಓದು ಬಾರದಾಕಿ,
ಒಲಿ ಮುಂದ ಕೂತು ನಿನ್ನ ಕೂಡ ಜಗಳಕ್ಕ ಬೀಳತಿದ್ಲು:
"ಯೇಸಪ್ಪಾ, ಹಿಟ್ಟು ಇಷ್ಟ ಉಳದದ, ಮುಂದ ಹೆಂಗ ಹೇಳು."
ಇದೇನು ಪ್ರಾರ್ಥನಿ, ಕಿರಾಣಿ ಚೀಟಿ ಅಂತ
ನಾ ನಗತಿದ್ದೆ.
ಒಂದಿನ ಕಲ್ಲು ಜಾರಿ ಬೆರಳು ಜಜ್ಜಿದಾಗ
ನನ್ನ ಬಾಯಿಂದನೂ ಅದ ಬಂತು: "ಯೇಸಪ್ಪಾ!"
ಮುಂದ ಏನು ಅನ್ನಬೇಕೋ ಹೊಳೀಲಿಲ್ಲ.
ಯಾರೋ ಹಿಂದ ನಿಂತು "ಏನೋ?" ಅಂದಂಗ ಆತು.
ಹೊಳ್ಳಿ ನೋಡಿದೆ. ಹಾಲಿನ ಗಾಡಿ ಹೊಂಟಿತ್ತು.

ಅವತ್ತಿನಿಂದ ಹೇಳತಾ ಹೋದೆ, ಸಿಕ್ಕಿದ್ದು:
ಮೊಣಕಾಲ ನೋವು, ಮುಕಾದಮ ಸಿದರಾಯನ ಹೊಲಸು ಬಾಯಿ,
ಮಗಳು ಪ್ರಫುಲ್ಲಾನ ನರ್ಸಿಂಗ್ ಫೀಸು,
ರಾತ್ರಿ ಓದಿದ್ದು ತಲಿಗೆ ಹತ್ತಲಿಲ್ಲ ಅಂತ,
ಹತ್ತಿದ್ದು ಮನಸಿಗೆ ಒಗ್ಗಲಿಲ್ಲ ಅಂತ.
ನೀ ಉತ್ತರ ಕೊಡತಿದ್ದಿ ಅಂತ ಸುಳ್ಳು ಹೇಳೂದಿಲ್ಲ.
ಕೇಳತಿದ್ದಿ. ಅದು ಗೊತ್ತಾಗತಿತ್ತು,
ದೀಪ ಇಲ್ಲದ ಎದುರು ಮನ್ಯಾಗ
ಯಾರೋ ಎಚ್ಚರ ಇದ್ದದ್ದು ಗೊತ್ತಾದಂಗ.

ಆಮ್ಯಾಲೆ ಆ ಬ್ಯಾಸಗಿ.
ಕೊಲ್ಹಾರದಿಂದ ಬರೋ ದೊಡ್ಡ ಪೈಪು ಒಡದು
ಹನ್ನೆರಡು ದಿನ ನೀರಿಲ್ಲ.
ಹದಿಮೂರನೇ ದಿನ ನಮ್ಮ ಓಣಿಗೆ
ಹದಿನೈದು ಮಿನಿಟ್ ಹೆಚ್ಚು ಬಿಟ್ಟೆ.
ಯಾರೂ ಕೇಳಲಿಲ್ಲ. ಬ್ಯಾರಲ್ ತುಂಬಿತು,
ಪಾತೇಲಿ ತುಂಬಿತು, ಹಿತ್ತಾಳಿ ಹಂಡೆ ಸುದ್ದಾ.
ಕೆಳಗಿನ ಓಣಿಯಾಗ ಖಾಸಿಂಬಿಯ ಕೊಡ
ನಳದ ಕೆಳಗ ಬಾಯಿ ತಕ್ಕೊಂಡು ಕೂತಿತ್ತು.
ನೋಡಿದೆ, ನೋಡದಂಗ.

ಮರುದಿನ ಆರನೇ ಸುತ್ತಿಗೆ ಗಾಳಿ ಕೆಮ್ಮಿತು.
ನನಗ ಬಾಯಿ ಬರಲಿಲ್ಲ.
ಒಂಬತ್ತು ದಿನ ಹಿಂಗ.
ಮತ್ತ ಪಾಸ್ಟರ ದನಿ ತಂದು ನೋಡಿದೆ,
ಗುಂಡಿಯಾಗ ಅದು
ಖಾಲಿ ಡಬರಿ ಬಿದ್ದಂಗ ಸಪ್ಪಳಾತು.

ನೀನೂ ಒಂದು ಮಧ್ಯಾಹ್ನ ದಣಿದು
ಬಾವಿಕಟ್ಟಿಗೆ ಕೂತು, ಪರಜಾತಿ ಹೆಂಗಸಿನ ಹತ್ತಿರ
ನೀರು ಬೇಡಿದಾವ.
ಹತ್ತನೇ ದಿನ ನೆನಪಾತು.
ನೆನಪಾದದ್ದೋ, ನೀ ಹೇಳಿದ್ದೋ.
ಖಾಸಿಂಬಿಯ ಬಾಗಿಲಿಗೆ ಹೋಗಿ ನಿಂತೆ.
"ಅವತ್ತು ನಿಮ್ಮ ನೀರು ನಾ ತಿಂದೆ, ಅಕ್ಕಾ."
ಆಕಿ ಬಹಳ ಹೊತ್ತು ನನ್ನ ಮಾರಿ ನೋಡಿ
"ಗೊತ್ತಿತ್ತು" ಅಂದ್ಲು.
ಒಳಗ ಹೋಗಿ ಒಂದು ತಂಬಗಿ ನೀರು ತಂದು ಕೊಟ್ಲು.
ಕುಡಿಯೂದು ಇಷ್ಟು ಕಠಿಣ ಅಂತ ನನಗ ಗೊತ್ತಿರಲಿಲ್ಲ.

ಈಗ ನಮ್ಮ ಓಣಿದೂ ಹೊತ್ತಿಗೆ ಸರಿಯಾಗಿ ಬಂದ್.
ಸುಗಂಧವ್ವ ಅರ್ಧ ಕೊಡ ಹಿಡದು ನನ್ನ ನೋಡತಾಳ,
ಆಮ್ಯಾಲೆ ಮ್ಯಾಲೆ ನೋಡತಾಳ.
ಇಬ್ಬರಿಗೂ ಬೈಗಳ.

ನಾಳೆ ನವಬಾಗದ ಪಾಳಿ.
ಅಲ್ಲಿಯ ವಾಲ್ವು ಹಳೇದು,
ಎಣಿಸಿದಂಗ ತಿರುಗೂದಿಲ್ಲ, ಗ್ರೀಸು ಒಯ್ಯಬೇಕು.
ಮಗಳ ಫೀಸಿನ ಮಾತು ಅರ್ಧಕ್ಕ ನಿಂತದ.
ಬರತಿಯಲ್ಲ?